ಮಕ್ಕಳ ‘ಸರಿ–ತಪ್ಪು’ ಕಾರ್ಡಿನ ಪೆಟ್ಟಿಗೆ: ಹಳದಿ ಕಟ್ಟು ತಿದ್ದಿಕೊಂಡರೆ ಕೊಟ್ಟ ದುಡ್ಡಿಗೆ ಮೋಸವಿಲ್ಲ

ಶಿವಮೊಗ್ಗದ ಸ್ಟೇಷನರಿ ಅಂಗಡಿಗಳಲ್ಲಿ ಸಿಗುವ ಈ ಪೆಟ್ಟಿಗೆಗೆ 650 ರೂಪಾಯಿ. 8ರಿಂದ 13 ವರ್ಷದ ಮಕ್ಕಳಿಗೆ ಅಂತ ಮುಚ್ಚಳದ ಮೇಲಿದೆ. ಒಳಗೆ 60 ಕಾರ್ಡು: ಹಳದಿ 20, ಹಸಿರು 24, ನೀಲಿ 16. ಜೊತೆಗೆ ಒಂದು ತುದಿಗೆ ‘ಸರಿ’, ಇನ್ನೊಂದು ತುದಿಗೆ ‘ತಪ್ಪು’ ಅಂತ ಅಚ್ಚಾದ ನಾಲ್ಕು ಮೀಟರ್ ಉದ್ದದ ಬಟ್ಟೆ ಪಟ್ಟಿ, ಎರಡು ನಿಮಿಷದ ಮರಳು ಗಡಿಯಾರ, ಮಾತಿನ ಸರದಿ ಯಾರದು ಅಂತ ತೋರಿಸಲು ಒಂದು ಬಣ್ಣದ ಕೋಲು, 32 ಪುಟದ ಕೈಪಿಡಿ, ಪೋಷಕರಿಗೆ ಕಳಿಸಲು ಒಂದು ಪತ್ರದ ಮಾದರಿ.

ಕೈಪಿಡಿಯ ಮೊದಲ ಪುಟದ ಸಾರ ಇಷ್ಟು: ಸರಿ–ತಪ್ಪಿನ ನಂಬಿಕೆ ಒಬ್ಬೊಬ್ಬರಿಗೆ ಒಂದೊಂದು ಥರ, ಆದ್ದರಿಂದ ಬೇರೆಯವರ ನಂಬಿಕೆಯನ್ನು ಒಪ್ಪಿಕೊಳ್ಳಲು ಮಕ್ಕಳು ಕಲಿಯಬೇಕು. ಎರಡನೇ ಮಾತಿಗೆ ನಮ್ಮ ತಕರಾರಿಲ್ಲ. ಹವ್ಯಕರ, ದೀವರ, ಒಕ್ಕಲಿಗರ, ಲಿಂಗಾಯತರ, ಮುಸ್ಲಿಮರ, ಕ್ರೈಸ್ತರ, ಜೈನರ ಮನೆಯ ಮಕ್ಕಳು ಒಂದೇ ಕ್ಲಾಸಿನಲ್ಲಿ ಕೂರುವ ಮಲೆನಾಡಿನಲ್ಲಿ ಅದು ಬೇಕೇ ಬೇಕು. ಆದರೆ ಮೊದಲನೆಯದರಿಂದ ಎರಡನೆಯದು ಹೊರಡುತ್ತದೆ ಅನ್ನುವುದು ಲೆಕ್ಕ ತಪ್ಪಿದ ಮಾತು. ಎಲ್ಲವೂ ಅವರವರ ಅಭಿಪ್ರಾಯವೇ ಆದರೆ ‘ಬೇರೆಯವರನ್ನು ಗೌರವಿಸಬೇಕು’ ಅನ್ನುವುದೂ ಬರೀ ಒಂದು ಅಭಿಪ್ರಾಯ. ಗೌರವಿಸದೆ ಆಡಿಕೊಳ್ಳುವ ಹುಡುಗನಿಗೆ ಏನಾದರೂ ಹೇಳಲು ನಿಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ. ಏಳನೇ ಕ್ಲಾಸಿನಲ್ಲಿ ಯಾರಾದರೊಬ್ಬ ಚುರುಕು ಹುಡುಗಿ ಇದನ್ನು ಕೇಳಿಯೇ ಕೇಳುತ್ತಾಳೆ, ಕೈಪಿಡಿಯಲ್ಲಿ ಉತ್ತರವಿಲ್ಲ.

ಹಳದಿ ಕಟ್ಟಿನಿಂದಲೇ ಶುರು ಮಾಡೋಣ, ಪೆಟ್ಟಿಗೆಯ ಅತಿ ದುರ್ಬಲ ಭಾಗ ಅದು. ಆಟ ಸರಳ: ಕಾರ್ಡು ಓದಿ, ‘ಸಂಗತಿ’ ಅಥವಾ ‘ಅಭಿಪ್ರಾಯ’ ಎಂಬ ಎರಡು ಗುಂಪಿನಲ್ಲಿ ಒಂದಕ್ಕೆ ಹಾಕಬೇಕು. ಸಾಬೀತು ಮಾಡಬಹುದಾದದ್ದು ಸಂಗತಿ, ಯಾರಾದರೂ ನಂಬಿದ್ದು ಅಥವಾ ಅಂದುಕೊಂಡದ್ದು ಅಭಿಪ್ರಾಯ. ಕೇಳಲು ಚೆನ್ನಾಗಿದೆ. ಆದರೆ ಭೂಮಿ ಸೂರ್ಯನನ್ನು ಸುತ್ತುತ್ತದೆ ಅಂತ ನಾವು ನಂಬಿದ್ದೇವೆ, ಅದು ಸಾಬೀತೂ ಆಗಿದೆ. ಆ ಕಾರ್ಡು ಎಲ್ಲಿಗೆ? ಇನ್ನೊಂದು: ‘ಜೋಗದಲ್ಲಿ ನೀರು 500 ಮೀಟರ್ ಎತ್ತರದಿಂದ ಬೀಳುತ್ತದೆ.’ ನಿಜವಾದ ಎತ್ತರ ಸುಮಾರು 253 ಮೀಟರ್. ಹಾಗಾದರೆ ಕಾರ್ಡಿನಲ್ಲಿರುವುದು ಸಂಗತಿಯಲ್ಲ, ಹಾಗಂತ ಯಾರ ಅಭಿಪ್ರಾಯವೂ ಅಲ್ಲ, ಬರೀ ತಪ್ಪು ಮಾಹಿತಿ. ಈ ಆಟದಲ್ಲಿ ಅದಕ್ಕೆ ಜಾಗವೇ ಇಲ್ಲ.

ನಿಜವಾದ ಎಡವಟ್ಟು 11ನೇ ಕಾರ್ಡಿನಲ್ಲಿ. ‘ಕದಿಯುವುದು ತಪ್ಪು’ ಅಂತ ಅದರಲ್ಲಿದೆ. ಕೈಪಿಡಿಯ ಕೊನೆಯ ಉತ್ತರಪಟ್ಟಿಯ ಪ್ರಕಾರ ಅದು ಅಭಿಪ್ರಾಯ. ಅದರ ಹಿಂದಿನ ಕಾರ್ಡು ‘ಮಾವಿಗಿಂತ ಹಲಸು ರುಚಿ’, ಅದೂ ಅಭಿಪ್ರಾಯ. ಹತ್ತು ವರ್ಷದ ಮಗುವಿನ ಎದುರಿಗೆ ಕಳ್ಳತನ ಮತ್ತು ಹಲಸಿನ ತೊಳೆ ಒಂದೇ ಗುಡ್ಡೆಗೆ ಬೀಳುತ್ತವೆ. ಮಾರನೇ ದಿನ ಪಕ್ಕದವನ ಪೆನ್ನು ಎತ್ತಿಟ್ಟುಕೊಂಡು ‘ತಪ್ಪು ಅನ್ನೋದು ನಿನ್ನ ಅಭಿಪ್ರಾಯ ಮಾರಾಯ’ ಅಂದರೆ, ಆ ಹುಡುಗ ಪಾಠವನ್ನು ಸರಿಯಾಗಿಯೇ ಕಲಿತಿದ್ದಾನೆ ಅಂತ ಒಪ್ಪಬೇಕಾಗುತ್ತದೆ.

ಇದು ಹೊಸ ರೋಗವೇನಲ್ಲ. 1960ರ ದಶಕದಲ್ಲಿ ಅಮೆರಿಕದ ಶಾಲೆಗಳಿಗೆ ‘ಮೌಲ್ಯ ಸ್ಪಷ್ಟೀಕರಣ’ ಅನ್ನುವ ಪದ್ಧತಿ ಬಂತು. ಶಿಕ್ಷಕರು ಯಾವುದನ್ನೂ ಸರಿ ತಪ್ಪು ಅನ್ನಕೂಡದು, ಮಗು ತನ್ನ ಮೌಲ್ಯವನ್ನು ತಾನೇ ಗುರುತಿಸಿಕೊಳ್ಳಬೇಕು ಅನ್ನುವುದು ಅದರ ಬಗೆ. ಅದಕ್ಕೂ ಇದೇ ಆಕ್ಷೇಪಣೆ ಬಂದಿತ್ತು. ಅದರ ಬೆನ್ನಿಗೇ 1970ರ ದಶಕದಲ್ಲಿ ತತ್ವಶಾಸ್ತ್ರಜ್ಞ ಮ್ಯಾಥ್ಯೂ ಲಿಪ್‌ಮನ್ ಮಕ್ಕಳಿಗೆ ತತ್ವಶಾಸ್ತ್ರ ಕಲಿಸುವ ಬೇರೊಂದು ದಾರಿ ಹಾಕಿದರು: ಅಭಿಪ್ರಾಯ ಹೇಳಿದರೆ ಸಾಲದು, ಕಾರಣ ಕೊಡಬೇಕು, ಗೆಳೆಯರ ಕಾರಣವನ್ನು ತೂಗಿ ನೋಡಬೇಕು. ಈ ಪೆಟ್ಟಿಗೆಯ ಹಳದಿ ಕಟ್ಟು ಮೊದಲನೇ ಮನೆಯದು, ಪೇಚಿನ ಪ್ರಸಂಗಗಳ ನೀಲಿ ಕಟ್ಟು ಎರಡನೇ ಮನೆಯದು. ಎರಡೂ ಒಂದಕ್ಕೊಂದು ಹೊಂದುವುದಿಲ್ಲ ಅನ್ನುವುದು ತಯಾರಿಸಿದವರ ಗಮನಕ್ಕೆ ಬಂದ ಹಾಗಿಲ್ಲ.

ಹಳದಿ ಕಾರ್ಡುಗಳನ್ನು ಎಸೆಯಬೇಡಿ. ಎರಡು ಗುಡ್ಡೆಯ ಬದಲು ಮೂರು ಮಾಡಿ. ಮೂರು ಹಾಳೆಯ ಮೇಲೆ ದಪ್ಪಕ್ಷರದಲ್ಲಿ ‘ರುಚಿ’, ‘ರೂಢಿ’, ‘ನೋವು–ಅನ್ಯಾಯ’ ಅಂತ ಬರೆದು ನೆಲಕ್ಕೆ ಹಾಸಿ. ಕಾರ್ಡು ಯಾವ ಹಾಳೆಗೆ ಅಂತ ನಿರ್ಧರಿಸಲು ಎರಡು ಪ್ರಶ್ನೆ ಸಾಕು. ‘ಟೀಚರ್ ಪರವಾಗಿಲ್ಲ ಅಂದರೆ ಇದು ಸರಿಯಾಗುತ್ತದಾ?’ ಮತ್ತು ‘ಈ ನಿಯಮವೇ ಇಲ್ಲದ ಊರಿನಲ್ಲಿ ಮಾಡಿದರೆ?’ ಸಮವಸ್ತ್ರದ ಬದಲು ಬಣ್ಣದಂಗಿ ಹಾಕಿಕೊಂಡು ಬರುವುದಕ್ಕೆ ಮಕ್ಕಳು ಎರಡಕ್ಕೂ ‘ಆಗ ಪರವಾಗಿಲ್ಲ’ ಅನ್ನುತ್ತಾರೆ. ಚಿಕ್ಕವನನ್ನು ನೂಕಿ ಬೀಳಿಸುವುದಕ್ಕೆ ‘ಟೀಚರ್ ಹೇಳಿದರೂ ತಪ್ಪೇ’ ಅನ್ನುತ್ತಾರೆ. ಮನಶ್ಶಾಸ್ತ್ರಜ್ಞ ಎಲಿಯಟ್ ಟ್ಯುರಿಯಲ್ ಮತ್ತು ಅವರ ಜೊತೆಯವರು ತೋರಿಸಿಕೊಟ್ಟದ್ದು ಇದನ್ನೇ: ನಾಲ್ಕೈದು ವರ್ಷಕ್ಕೇ ಮಕ್ಕಳು ರೂಢಿಯನ್ನೂ ಅನ್ಯಾಯವನ್ನೂ ಬೇರೆ ಬೇರೆಯಾಗಿ ಕಾಣುತ್ತಾರೆ. ಅಂದರೆ ಮಗು ಬರುವಾಗಲೇ ತಂದಿರುವ ತಿಳಿವನ್ನು ಹಳದಿ ಕಟ್ಟಿನ ಉತ್ತರಪಟ್ಟಿ ಅಳಿಸಿ ಹಾಕುತ್ತದೆ.

ಆದರೆ ಮೂರು ಹಾಳೆ ಹಾಸಿದ ಕೂಡಲೇ ಎಲ್ಲ ಬಗೆಹರಿಯಿತು ಅಂದುಕೊಳ್ಳಬೇಡಿ. ರೂಢಿಗೂ ಅನ್ಯಾಯಕ್ಕೂ ನಡುವಿನ ಗೆರೆಯೇ ಮನೆಯಿಂದ ಮನೆಗೆ ಸರಿಯುತ್ತದೆ. ಮಾನವಶಾಸ್ತ್ರಜ್ಞ ರಿಚರ್ಡ್ ಶ್ವೇಡರ್ ಮತ್ತು ಸಂಗಡಿಗರು ಭುವನೇಶ್ವರದಲ್ಲೂ ಶಿಕಾಗೋದಲ್ಲೂ 39 ನಡವಳಿಕೆಗಳನ್ನು ಮಕ್ಕಳ ಮತ್ತು ದೊಡ್ಡವರ ಮುಂದಿಟ್ಟು ಕೇಳಿ 1987ರಲ್ಲಿ ಪ್ರಕಟಿಸಿದರು. ತಂದೆ ಸತ್ತ ಮರುದಿನ ಹಿರಿಮಗ ಕ್ಷೌರ ಮಾಡಿಸಿಕೊಂಡು ಕೋಳಿ ತಿಂದ ಅನ್ನುವುದು ಅದರಲ್ಲೊಂದು. ಭುವನೇಶ್ವರದ ಬ್ರಾಹ್ಮಣ ಮಕ್ಕಳಿಗೆ ಅದು ಅತಿ ಗಂಭೀರ ತಪ್ಪುಗಳ ಸಾಲಿನದ್ದು, ಶಿಕಾಗೋದ ಮಕ್ಕಳಿಗೆ ಅದರಲ್ಲಿ ತಪ್ಪೇ ಕಾಣಲಿಲ್ಲ. ತೀರ್ಥಹಳ್ಳಿಯಲ್ಲೋ ಹೊಸನಗರದಲ್ಲೋ ಸೂತಕ ಹಿಡಿಯುವ ಮನೆಯ ಮಗುವಿಗೆ ಇದನ್ನು ವಿವರಿಸಿ ಹೇಳಬೇಕಾದ್ದೇ ಇಲ್ಲ. ‘ಅದು ಬರೀ ರೂಢಿ ಕಣೋ’ ಅಂತ ಮೇಷ್ಟ್ರು ಮುದ್ರೆ ಒತ್ತಿದರೆ ಆ ಮಗುವಿನ ಮನೆಯನ್ನು ಚಿಕ್ಕದು ಮಾಡಿದ ಹಾಗೆ.

ಇಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ: ‘ಹಾಗೆ ಮಾಡಿದರೆ ಏನಾಗುತ್ತದೆ ಅಂತ ಆ ಮನೆಯವರು ನಂಬಿದ್ದಾರೆ?’ ತೀರಿಕೊಂಡವರ ಆತ್ಮಕ್ಕೆ ತೊಂದರೆಯಾಗುತ್ತದೆ ಅಂತ ನಂಬಿದವರಿಗೆ ಅದು ಒಬ್ಬರಿಗೆ ಕೊಡುವ ನೋವು. ಶ್ವೇಡರ್ ವಾದಕ್ಕೆ ಟ್ಯುರಿಯಲ್ ಕಡೆಯವರು ಕೊಟ್ಟ ಮರುತ್ತರವೂ ಇದರ ಸುತ್ತಲೇ ಇತ್ತು: ನೋವು ಕೊಡಬಾರದು ಅನ್ನುವುದರಲ್ಲಿ ಎರಡೂ ಊರಿನವರಿಗೆ ಭಿನ್ನಾಭಿಪ್ರಾಯವಿಲ್ಲ, ಯಾವುದರಿಂದ ಯಾರಿಗೆ ನೋವು ಅನ್ನುವುದರಲ್ಲಿ ಇದೆ. ಈ ಒಂದು ಪ್ರಶ್ನೆಯನ್ನು ಬೋರ್ಡಿನ ಮೂಲೆಯಲ್ಲಿ ಕಾಯಂ ಬರೆದಿಟ್ಟರೆ ಹಳದಿ ಕಟ್ಟಿನ ಅರ್ಧ ಕೊರತೆ ತುಂಬುತ್ತದೆ. ಆ ನಂಬಿಕೆ ನಿಜವೋ ಅಲ್ಲವೋ ಅಂತ ತೀರ್ಮಾನಿಸುವ ಹೊಣೆ ಆ ಪಿರಿಯಡ್ಡಿನದಲ್ಲ.

ಹಸಿರು ಕಟ್ಟು ‘ನಮ್ಮ ಮನೆ ಪದ್ಧತಿ’. ಬಣ್ಣದ ಚಿತ್ರ, ಒಳ್ಳೆಯ ಕಲ್ಪನೆ. ಪ್ರಶ್ನೆ ಕೇಳಿರುವ ರೀತಿ ಮಾತ್ರ ಅಪಾಯದ್ದು. ‘ನಿಮ್ಮ ಮನೆಯಲ್ಲಿ ಹಬ್ಬಕ್ಕೆ ಏನು ಅಡುಗೆ?’, ‘ನಿಮ್ಮ ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಏನು ಮಾಡುತ್ತೀರಿ?’ ಇಂಥವು. ನಮ್ಮ ಕಡೆ ಈ ಎರಡು ಪ್ರಶ್ನೆಗೆ ಉತ್ತರ ಬಂದರೆ ಮಗುವಿನ ಜಾತಿ ಇಡೀ ಕ್ಲಾಸಿಗೆ ಗೊತ್ತಾಯಿತು ಅಂತಲೇ ಲೆಕ್ಕ. ಹೋಳಿಗೆ ಅಂದ ಮಗು ಆರಾಮಾಗಿ ಕೂತುಕೊಳ್ಳುತ್ತದೆ, ಹಂದಿ ಸಾರು ಅಥವಾ ದನದ ಮಾಂಸ ಅನ್ನಬೇಕಾದ ಮಗು ಸುಳ್ಳು ಹೇಳುತ್ತದೆ, ಇಲ್ಲವೇ ಸುಮ್ಮನಾಗುತ್ತದೆ. ಒಪ್ಪಿಕೊಳ್ಳುವುದನ್ನು ಕಲಿಸುವ ಪಾಠವೇ ಒಂದು ಮಗುವನ್ನು ಎದ್ದು ನಿಲ್ಲಿಸಿ ತೋರಿಸಿದ ಹಾಗಾಗುತ್ತದೆ.

24 ಕಾರ್ಡಿನಲ್ಲೂ ‘ನಿಮ್ಮ ಮನೆ’ ಅನ್ನುವುದನ್ನು ಪೆನ್ನಿನಲ್ಲಿ ಹೊಡೆದು ‘ಒಂದು ಮನೆ’ ಅಂತ ಮಾಡಿ. ಯಾವ ಮಗುವಾದರೂ ‘ನನ್ನ ಸರದಿ ಬಿಡಿ’ ಅನ್ನಬಹುದು, ಕಾರಣ ಕೇಳುವುದಿಲ್ಲ ಅಂತ ಮೊದಲೇ ಹೇಳಿ. ಇನ್ನೂ ಒಳ್ಳೆಯದು ಮಕ್ಕಳು ದಿನಾ ಕಣ್ಣಾರೆ ನೋಡುವುದನ್ನೇ ಕಾರ್ಡು ಮಾಡುವುದು. ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡುತ್ತಾರೆ, ತಿನ್ನದವರಿಗೆ ಬಾಳೆಹಣ್ಣು. ನಾವು ಸೂಚಿಸುವ ಕಾರ್ಡು ಹೀಗಿರಲಿ:

‘ಮೊಟ್ಟೆಗೆ ಒಂದು ಸಾಲು, ಬಾಳೆಹಣ್ಣಿಗೆ ಇನ್ನೊಂದು. ಮನೆಯಲ್ಲಿ ಮೊಟ್ಟೆ ತಿನ್ನದ ಹುಡುಗ ಇವತ್ತು ಮೊಟ್ಟೆಯ ಸಾಲಿನಲ್ಲಿ ನಿಂತಿದ್ದಾನೆ. ಗೆಳೆಯ ನೋಡಿ, ನಿಮ್ಮಮ್ಮಂಗೆ ಹೇಳ್ತೀನಿ ಇರು ಅಂತಾನೆ.’

ಮೂರು ವಾಕ್ಯದ ಈ ಕಾರ್ಡಿನಲ್ಲಿ ಪಾಠಕ್ಕೆ ಬೇಕಾದ್ದೆಲ್ಲ ಇದೆ. ಮೊಟ್ಟೆ ಇಷ್ಟವೋ ಇಲ್ಲವೋ ಅನ್ನುವುದು ರುಚಿ. ಮನೆಯಲ್ಲಿ ತಿನ್ನದಿರುವುದು ರೂಢಿ, ಕೆಲವರಿಗೆ ಜೀವಹಿಂಸೆಯ ಪ್ರಶ್ನೆಯೂ ಹೌದು, ಆಗ ಮೂರನೇ ಹಾಳೆಗೆ ಸರಿಯುತ್ತದೆ. ಅಮ್ಮನಿಗೆ ಮುಚ್ಚಿಡುವುದು ಸುಳ್ಳೇ? ಗೆಳೆಯ ಚಾಡಿ ಹೇಳುವುದು ಸರಿಯೇ? ಹತ್ತು ವರ್ಷದವನಿಗೆ ತನ್ನ ಊಟ ತಾನೇ ಆರಿಸುವ ಹಕ್ಕಿದೆಯೇ? ಮಕ್ಕಳು ಸಾಮಾನ್ಯವಾಗಿ ಮೊಟ್ಟೆಯನ್ನು ಎರಡು ನಿಮಿಷದಲ್ಲಿ ಮುಗಿಸಿ ಚಾಡಿಯ ವಿಚಾರಕ್ಕೆ ಜಗಳಕ್ಕೆ ಬೀಳುತ್ತಾರೆ. ತಡೆಯಬೇಡಿ, ವಿಷಯ ಅಲ್ಲಿಯೇ ಇದೆ.

ಬಟ್ಟೆ ಪಟ್ಟಿಯ ಆಟ ಪೆಟ್ಟಿಗೆಯ ಆಕರ್ಷಣೆ. ಕಾರ್ಡು ಓದಿದ ಮೇಲೆ ಮಕ್ಕಳು ‘ಸರಿ’ಯಿಂದ ‘ತಪ್ಪಿ’ನವರೆಗೆ ತಮಗೆ ಅನಿಸಿದ ಕಡೆ ನಿಲ್ಲಬೇಕು. ನಾಲ್ಕು ಮೀಟರಿನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತರೆ ಹತ್ತು ಹನ್ನೆರಡು ಮಕ್ಕಳು ಹಿಡಿಸುತ್ತಾರೆ. ಮುಚ್ಚಳದ ಮೇಲೆ ‘40 ಮಕ್ಕಳವರೆಗೆ’ ಅಂತ ಯಾವ ಧೈರ್ಯದಿಂದ ಹಾಕಿದರೋ. ಮೇಲಾಗಿ ರೆಡ್‌ಆಕ್ಸೈಡ್ ನೆಲದ ಮೇಲೆ ಬಟ್ಟೆ ಜಾರುತ್ತದೆ, ಓಡಿ ಬಂದು ನಿಲ್ಲುವ ಮಕ್ಕಳು ಬೀಳುತ್ತಾರೆ. ಪಟ್ಟಿ ಒಳಗಿಟ್ಟು ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಎಂಟು ಹತ್ತು ಮೀಟರಿನ ಗೆರೆ ಎಳೆಯುವುದೇ ಲೇಸು. 15ಕ್ಕಿಂತ ಹೆಚ್ಚು ಮಕ್ಕಳಿದ್ದರೆ ಅರ್ಧ ಜನ ನಿಲ್ಲಲಿ, ಇನ್ನರ್ಧ ಸುತ್ತ ಕೂತು ಯಾರು ಯಾವ ಕಾರಣ ಕೊಟ್ಟರು ಅಂತ ಬರೆದುಕೊಳ್ಳಲಿ, ಆಮೇಲೆ ಅದಲುಬದಲು.

ಇದಕ್ಕಿಂತ ದೊಡ್ಡ ತೊಂದರೆ ಮಕ್ಕಳು ಕಾರ್ಡು ನೋಡಿ ನಿಲ್ಲದೆ ಕ್ಲಾಸ್ ಲೀಡರನ್ನು ನೋಡಿ ನಿಲ್ಲುವುದು. ಟೀಚರ್ ಮುಖ ನೋಡುವವರೂ ಇದ್ದಾರೆ. ಮೊದಲು ಚೀಟಿಯಲ್ಲಿ ಎಷ್ಟು ಸರಿ, ಎಷ್ಟು ತಪ್ಪು ಅಂತ 1ರಿಂದ 5ರವರೆಗೆ ಒಂದು ಅಂಕಿ, ಅದರ ಕೆಳಗೆ ಒಂದು ಕಾರಣ ಬರೆಸಿ, ಚೀಟಿ ಕೈಯಲ್ಲಿ ಹಿಡಿದೇ ಹೋಗಿ ನಿಲ್ಲಲಿ. ನೀವು ಮಕ್ಕಳ ಬೆನ್ನ ಹಿಂದೆ ನಿಂತುಕೊಳ್ಳಿ.

40 ನಿಮಿಷದ ಪಿರಿಯಡ್ಡಿನಲ್ಲಿ ಒಂದೇ ಕಾರ್ಡು ತೆಗೆದುಕೊಳ್ಳಬೇಕು. ಕೈಪಿಡಿ ಮೂರು ಅನ್ನುತ್ತದೆ, ಹಾಗೆ ಮಾಡಿದರೆ ಬರೀ ಹೌದು–ಅಲ್ಲ ಆಗುತ್ತದೆ. ಓದಿ ಅರ್ಥ ಮಾಡಿಸಲು 5 ನಿಮಿಷ, ಚೀಟಿಗೆ 3, ಗೆರೆಯ ಮೇಲೆ ನಿಂತು ಕಾರಣ ಹೇಳಲು 10. ಆಮೇಲಿನ 12 ನಿಮಿಷ ಕೈಪಿಡಿಯಲ್ಲಿ ಇಲ್ಲದ ಹಂತ: ಎದುರು ತುದಿಯವರ ಜೊತೆ ಜೋಡಿ ಮಾಡಿ, ‘ನೀನು ಹೇಳಿದ್ದು ಇದು ಅಲ್ವಾ’ ಅಂತ ಅವರ ವಾದವನ್ನು ಇವರು ಹೇಳಬೇಕು. ಅವರು ‘ಹೌದು, ಅದೇ’ ಅನ್ನುವವರೆಗೂ ತಮ್ಮ ವಾದ ತೆಗೆಯುವ ಹಾಗಿಲ್ಲ. ಉಳಿದ 10 ನಿಮಿಷದಲ್ಲಿ ಯಾರಿಗೆ ನೋವು ಅನ್ನುವ ಪ್ರಶ್ನೆ, ಮತ್ತೆ ಗೆರೆಯ ಮೇಲೆ ನಿಲ್ಲುವುದು. ಜಾಗ ಬದಲಿಸಿದವರನ್ನು ಹೊಗಳಬೇಡಿ, ಬದಲಿಸದವರನ್ನು ಹಟಮಾರಿ ಅನ್ನಬೇಡಿ. ಕಾರಣ ಮಾತ್ರ ಕೇಳಿ.

ಎದುರಾಳಿಯ ವಾದವನ್ನು ಮೊದಲು ನೆಟ್ಟಗೆ ಹೇಳುವುದಕ್ಕೆ ನಮ್ಮಲ್ಲಿ ಪೂರ್ವಪಕ್ಷ ಅಂತ ಹೆಸರೇ ಇದೆ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಕೋಡಿಯ ಮಠವನ್ನು ವರ್ಣಿಸುವ 12ನೇ ಶತಮಾನದ ಶಾಸನದಲ್ಲಿ, ಆ ಶೈವ ಮಠದಲ್ಲಿ ನ್ಯಾಯ, ವೈಶೇಷಿಕ, ಸಾಂಖ್ಯದ ಜೊತೆಗೆ ಬೌದ್ಧ ದರ್ಶನದ ವ್ಯಾಖ್ಯಾನವೂ ನಡೆಯುತ್ತಿತ್ತು ಅಂತ ಇದೆ. ತಾವು ಒಪ್ಪದ್ದನ್ನೂ ಕೂತು ಓದಿಸುತ್ತಿದ್ದರು. ಶಾಲಾ ಪ್ರವಾಸಕ್ಕೆ ಕೇದಾರೇಶ್ವರ ಗುಡಿ ತೋರಿಸಲು ಹೋಗುವವರು ಈ ಸಾಲನ್ನೂ ಮಕ್ಕಳಿಗೆ ಹೇಳಬಹುದು.

ಕೈಪಿಡಿಯಲ್ಲಿ ಆನೆ ಮತ್ತು ಕುರುಡರ ಕಥೆಯೂ ಇದೆ, ‘ಎಲ್ಲರೂ ಹೇಳಿದ್ದು ಸರಿ’ ಅನ್ನುವ ಟಿಪ್ಪಣಿಯ ಜೊತೆ. ಸಕ್ರೆಬೈಲಿನಲ್ಲಿ ಆನೆ ಸ್ನಾನ ಮಾಡುವುದನ್ನು ನೋಡಿ ಬಂದ ಮಕ್ಕಳು ಇದನ್ನು ಒಪ್ಪುವುದಿಲ್ಲ: ಆನೆ ಕಂಬವಲ್ಲ, ಮೊರವೂ ಅಲ್ಲ. ಸತ್ಯಕ್ಕೆ ಹಲವು ಮುಖ ಅನ್ನುವ ಜೈನರ ಅನೇಕಾಂತವಾದವನ್ನು ಹೇಳಲು ಈ ಕಥೆಯನ್ನು ಬಳಸುವಾಗಲೂ ಅಲ್ಲೊಂದು ಆನೆ ಇದ್ದೇ ಇರುತ್ತದೆ. ಒಬ್ಬೊಬ್ಬರಿಗೆ ಸಿಕ್ಕಿದ್ದು ಒಂದೊಂದು ಭಾಗ, ಅದನ್ನೇ ಪೂರ್ತಿ ಅಂದಾಗ ತಪ್ಪು. ಟಿಪ್ಪಣಿ ಬಿಟ್ಟು ಕಥೆ ಮಾತ್ರ ಹೇಳಿ.

ನೀಲಿ ಕಾರ್ಡುಗಳು ‘ಪೇಚಿನ ಪ್ರಸಂಗ’. ಹೆಂಡತಿಗೆ ಔಷಧಿ ಕದಿಯುವ ಗಂಡನದು ಮನಶ್ಶಾಸ್ತ್ರಜ್ಞ ಲಾರೆನ್ಸ್ ಕೋಲ್‌ಬರ್ಗ್ ಬಳಸಿ ಹೆಸರಾದ ಪ್ರಸಂಗ, ಈಗಲೂ ನಡೆಯುತ್ತದೆ. ಹಳಿಯ ಮೇಲಿನ ಐವರನ್ನು ಉಳಿಸಲು ಒಬ್ಬನನ್ನು ಬಲಿಕೊಡುವ ಟ್ರಾಮಿನ ಕಾರ್ಡು ತೆಗೆದುಹಾಕಿ, ಒಂಬತ್ತು ವರ್ಷದವರಿಗೆ ಅದು ವಿಡಿಯೋ ಗೇಮ್. ಆ ಜಾಗಕ್ಕೆ ಇಲ್ಲಿಯದೇ ಬೇಕಾದಷ್ಟಿದೆ. ಬಾಳೆ, ಏಲಕ್ಕಿ, ಎಳೆ ಅಡಿಕೆ ಹಾಳು ಮಾಡುವ ಮಂಗಗಳನ್ನು ಏನು ಮಾಡಬೇಕು? ಹನುಮಂತನ ಅಂಶ ಅನ್ನುವವರು, ವರ್ಷದ ಬೆಳೆ ಹೋಯಿತು ಅನ್ನುವವರು, ಹಿಡಿದು ಬೇರೆ ಕಾಡಿಗೆ ಬಿಡಿ ಅನ್ನುವವರು, ಆ ಕಾಡಿನ ಪಕ್ಕದ ಊರಿನವರು: ನಾಲ್ಕೂ ಪಾತ್ರ ಕ್ಲಾಸಿನಲ್ಲೇ ಸಿಗುತ್ತವೆ. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟೆ ಇನ್ನೊಂದು. ರಾಜ್ಯಕ್ಕೆ ಕರೆಂಟು ಬಂತು, ಶರಾವತಿ ಕಣಿವೆಯ ಊರುಗಳು ಮುಳುಗಿದವು. ಹೆಚ್ಚು ಜನಕ್ಕೆ ಒಳ್ಳೆಯದಾದರೆ ಕೆಲವರ ಮನೆ ಹೋಗಬಹುದೇ?

ಮೂರನೆಯದನ್ನು ಜೋಪಾನವಾಗಿ ಬಳಸಬೇಕು: 1951ರಲ್ಲಿ ಸಾಗರ ತಾಲ್ಲೂಕಿನ ಗೇಣಿದಾರರು ಒಡೆಯರ ವಿರುದ್ಧ ನಡೆಸಿದ ಕಾಗೋಡು ಸತ್ಯಾಗ್ರಹ. ಒಡೆಯರು ಗೇಣಿ ಭತ್ತವನ್ನು ದೊಡ್ಡ ಕೊಳಗದಲ್ಲಿ ಅಳೆದುಕೊಳ್ಳುತ್ತಾರೆ ಅನ್ನುವ ತಕರಾರು ಅದರಲ್ಲಿ ಮುಖ್ಯವಾಗಿತ್ತು. ಹಿಂದಿನಿಂದ ನಡೆದು ಬಂದ ಪದ್ಧತಿ ಅಂತ ಅದಕ್ಕೂ ಸಮರ್ಥನೆ ಇತ್ತು. ರೂಢಿ ಅಂತ ಇಟ್ಟ ಕಾರ್ಡು ಅನ್ಯಾಯದ ಹಾಳೆಗೆ ಹೇಗೆ ಹೋಗುತ್ತದೆ, ಅದನ್ನು ಸರಿಸಿದವರು ಯಾರು ಅಂತ ತೋರಿಸಲು ಇದಕ್ಕಿಂತ ಹತ್ತಿರದ ಉದಾಹರಣೆ ಸಾಗರದ ಸುತ್ತ ಇಲ್ಲ. ಆದರೆ ಒಡೆಯರ ಮನೆಯ ಮೊಮ್ಮಕ್ಕಳೂ ಗೇಣಿದಾರರ ಮನೆಯ ಮೊಮ್ಮಕ್ಕಳೂ ಅದೇ ಕ್ಲಾಸಿನಲ್ಲಿರುತ್ತಾರೆ. ‘ನಿಮ್ಮಜ್ಜ ಯಾವ ಕಡೆ’ ಅನ್ನುವ ಪ್ರಶ್ನೆ ಬಾಯಿಗೆ ಬರಕೂಡದು.

ಒಂದು ದೂರು ಮಾತ್ರ ಸಣ್ಣದಲ್ಲ. ಹಸಿರು ಕಟ್ಟಿನಲ್ಲಿ ‘ಮನೆಯ ದೊಡ್ಡವರು ಹೇಳಿದ ಗುಟ್ಟನ್ನು ಹೊರಗೆ ಹೇಳಬಾರದು’, ‘ಅಕ್ಕನಿಗೆ 16ಕ್ಕೆ ಮದುವೆ ಮಾಡುತ್ತಾರೆ’ ಅನ್ನುವ ಎರಡು ಕಾರ್ಡಿಗೆ ‘ಪ್ರತಿ ಮನೆಗೂ ಅದರದೇ ಪದ್ಧತಿ, ಗೌರವಿಸೋಣ’ ಅಂತ ಉತ್ತರವಿದೆ. ಎರಡನೆಯದು 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯ ಪ್ರಕಾರ ಅಪರಾಧ. ಮೊದಲನೆಯದು ಮಗುವಿನ ಮೇಲೆ ದೌರ್ಜನ್ಯ ಮಾಡುವವರು ಹೇಳುವ ಮಾತು. ಎರಡನ್ನೂ ಮಕ್ಕಳ ಕೈಗೆ ಸಿಗದ ಹಾಗೆ ಹರಿದು ಹಾಕಿ, ಬದಲಿಗೆ ಮಕ್ಕಳ ಸಹಾಯವಾಣಿ 1098 ಬರೆದ ಕಾರ್ಡು ಇಡಿ. ಸಂವಿಧಾನದ 25ನೇ ವಿಧಿಯೂ ಮನಸ್ಸಾಕ್ಷಿಯ ಸ್ವಾತಂತ್ರ್ಯ ಕೊಡುವಾಗಲೇ ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯದ ಮಿತಿ ಹಾಕಿದೆ. ಆ ಮಿತಿಯ ಮಾತು ಇಡೀ ಕೈಪಿಡಿಯಲ್ಲಿ ಒಂದು ಸಾಲೂ ಇಲ್ಲ.

ಪೋಷಕರ ಪತ್ರ ಕಳಿಸಬೇಡಿ. ‘ಇನ್ನು ನಿಮ್ಮ ಮಗು ನಿಮ್ಮ ನಂಬಿಕೆಗಳನ್ನು ಪ್ರಶ್ನಿಸಲಿದೆ’ ಅಂತ ಶುರುವಾಗುವ ಪತ್ರ ಓದಿ ಯಾವ ಅಜ್ಜಿ ಸುಮ್ಮನಿರುತ್ತಾರೆ? ಯಾವ ಕಾರ್ಡು ಬಳಸುತ್ತೀರಿ ಅಂತ ಪೋಷಕರ ಸಭೆಯಲ್ಲಿ ನಾಲ್ಕು ಕಾರ್ಡು ತೋರಿಸಿದರೆ ಸಾಕು. ವಯಸ್ಸೂ 8 ಅಲ್ಲ, 10ರಿಂದ ಇಟ್ಟುಕೊಳ್ಳಿ. ಕದ್ದು ಜಾಮ್ ತೆಗೆಯಲು ಹೋಗಿ ಒಂದು ಲೋಟ ಒಡೆದವನಿಗಿಂತ ಅರಿಯದೆ ಹದಿನೈದು ಒಡೆದವನದೇ ದೊಡ್ಡ ತಪ್ಪು ಅನ್ನುವ ಒಲವು ಚಿಕ್ಕ ಮಕ್ಕಳಲ್ಲಿರುವುದನ್ನು ಮನಶ್ಶಾಸ್ತ್ರಜ್ಞ ಪಿಯಾಜೆ 1930ರ ದಶಕದಲ್ಲೇ ಗುರುತಿಸಿದ್ದರು. ಎಂಟರವರಿಗೆ ಬಳಸಲೇಬೇಕಿದ್ದರೆ, ಪಾತ್ರದ ಉದ್ದೇಶ ಏನಿತ್ತು ಅಂತ ಕಾರ್ಡಿನಲ್ಲೇ ಸ್ಪಷ್ಟವಾಗಿ ಬರೆದುಕೊಡಿ.

ಇನ್ನು ಸಾಮಾನಿನ ಗುಣಮಟ್ಟ. ಕಾರ್ಡಿಗೆ ಲ್ಯಾಮಿನೇಷನ್ ಇಲ್ಲ. ಬಯಲುಸೀಮೆಗೆ ನಡೆಯುತ್ತದೆ, ಆಗುಂಬೆ, ಹೊಸನಗರದ ಕಡೆ ಜುಲೈ ಬರುವಷ್ಟರಲ್ಲಿ ಒಂದಕ್ಕೊಂದು ಅಂಟಿ, ಅಂಚು ಉಬ್ಬಿ, ಬೂಷ್ಟು ಹಿಡಿಯುತ್ತದೆ. ಕೊಂಡ ದಿನವೇ ಎರಡೂ ಬದಿಗೆ ಅಗಲದ ಸೆಲ್ಲೋಟೇಪ್ ಹಚ್ಚಿ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಹಾಕಿಡಿ. ಕೋಲಿನ ಬಣ್ಣ ಒದ್ದೆ ಕೈಗೆ ಬಿಡುತ್ತದೆ. ಮರಳು ಗಡಿಯಾರ ಎರಡು ನಿಮಿಷಕ್ಕಿಂತ ಸ್ವಲ್ಪ ಮುಂಚೆಯೇ ಖಾಲಿ, ಅದರಿಂದ ನಷ್ಟವೇನಿಲ್ಲ. 180 ರೂಪಾಯಿಗೆ ಬೇರೆಯಾಗಿ ಮಾರುವ ಹೆಚ್ಚುವರಿ ಕಟ್ಟಿನಲ್ಲಿ ಇರುವುದು ಇನ್ನೂ 20 ಹಳದಿ ಕಾರ್ಡು ಮಾತ್ರ. ಆ ದುಡ್ಡಿಗೆ ದಪ್ಪ ಡ್ರಾಯಿಂಗ್ ಶೀಟ್ ತಂದು ಅಂಚೆಕಾರ್ಡಿನ ಅಳತೆಗೆ ಕತ್ತರಿಸಿ, ಮೊಟ್ಟೆಯದು, ಮಂಗದ್ದು, ಕೊಳಗದ್ದು ನೀವೇ ಬರೆದುಕೊಳ್ಳಿ.